ಸಹಾಯ ಬೇಕು: ಡಯಾಲಿಸಿಸ್ ನಡುವೆ ಇಷ್ಟಲಿಂಗ ಧ್ಯಾನ ಹೇಗೆ?
ಶರಣು ಶರಣಾರ್ಥಿ. ನಮ್ಮ ತಾಯಿಯ ಎರಡೂ ಕಿಡ್ನಿಗಳು ವಿಫಲವಾಗಿವೆ. ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ ಡಯಾಲಿಸಿಸ್. ಎಡ ಅಂಗೈಯಲ್ಲಿ ಇಷ್ಟಲಿಂಗವಿರಿಸಿಕೊಂಡು, ರೆಪ್ಪೆ ಮಿಟುಕಿಸದೆ ದೃಷ್ಟಿಯಿಟ್ಟು ಕೂರುವುದೇ ಅವರ ಧ್ಯಾನವಾಗಿತ್ತು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಜೋಡಿಸುವ ಶಸ್ತ್ರಕ್ರಿಯೆ) ಮಾಡಿರುವುದೂ ಅದೇ ಎಡಗೈಗೆ. ಡಯಾಲಿಸಿಸ್ ಆದ ದಿನ ಬೆರಳುಗಳು ನಡುಗುತ್ತವೆ. ಲಿಂಗ ಜಾರೀತೆಂಬ ಭಯಕ್ಕೆ ಪೂಜೆಯನ್ನೇ ಬಿಟ್ಟಿದ್ದಾರೆ. ರೋಗಕ್ಕಿಂತ ಈ ಕೊರಗೇ ಅವರನ್ನು ಹಣ್ಣಾಗಿಸಿದೆ. ಯಂತ್ರದ ಪಕ್ಕ ಮಲಗಿ ಷಡಕ್ಷರಿ ಮಂತ್ರ (ಓಂ ನಮಃ ಶಿವಾಯ) ಜಪಿಸುತ್ತಾರೆ, ಆದರೆ ಅಲಾರಂ ಕೂಗಿದಾಗಲೆಲ್ಲ ಮನಸ್ಸು ಕದಡುತ್ತದೆ.

ಡಯಾಲಿಸಿಸ್‌ನಲ್ಲಿದ್ದೂ ಶಿವಯೋಗ (ಇಷ್ಟಲಿಂಗ ಧ್ಯಾನ) ಬಿಡದವರು, ಅಂಥವರಿಗೆ ದಾರಿ ತೋರಿದ ಗುರುಗಳು ಇದ್ದರೆ ದಯವಿಟ್ಟು ತಿಳಿಸಿ. ಬಲಗೈಯಲ್ಲಿ ಹಿಡಿಯಬಹುದೇ? ಎಡಗೈಗೆ ದಿಂಬಿನ ಆಸರೆ ಕೊಟ್ಟರೆ ಸಾಕೇ? ಮಲಗಿಯೇ ಮಾಡುವ ಕ್ರಮವಿದೆಯೇ? ಔಷಧಿ, ಪಥ್ಯದ ಸಲಹೆ ಬೇಡ. ಅದನ್ನು ವೈದ್ಯರು ನೋಡಿಕೊಳ್ಳುತ್ತಿದ್ದಾರೆ.