ಚಿಕ್ಕ ಕ್ವೇಕರ್ ಚರ್ಚ್‌ನಲ್ಲಿ ಈಸ್ಟರ್: ಸೂರ್ಯೋದಯದ ಆರಾಧನೆ, ತಿಂಡಿ, ಮೊಟ್ಟೆ ಹುಡುಕಾಟ, ಅಂಗಳದ ಕೆಲಸ ಹೊಂದಿಸುವುದು ಹೇಗೆ?

ಮುಂಜಾವು45 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಇಂಡಿಯಾನಾದ ಹಳ್ಳಿ ಕಡೆಯ ಒಂದು ಫ್ರೆಂಡ್ಸ್ ಚರ್ಚ್‌ಗಾಗಿ ಕೇಳುತ್ತಿದ್ದೇನೆ. ಮೌನ ಆರಾಧನೆಗೆ ಹೆಸರಾದ ಕ್ವೇಕರ್ ಕ್ರೈಸ್ತರನ್ನೇ ಫ್ರೆಂಡ್ಸ್ ಎನ್ನುವುದು. ಭಾನುವಾರಕ್ಕೆ 45 ಜನ ಸೇರುತ್ತಾರೆ, ಅವರಲ್ಲಿ 14 ಮಕ್ಕಳು. ಪಾಸ್ಟರ್ ಇದ್ದಾರೆ, ಹಾಡು, ಪ್ರವಚನ ಇವೆ, ನಡುವೆ ಹತ್ತು ನಿಮಿಷ ಮೌನವೂ ಇದೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬರುತ್ತಿದೆ. ಹೊರಗೆ ಇನ್ನೂ ಚಳಿ ಇರುವ ಹೊತ್ತು.

ಕಾರ್ಯಕ್ರಮ ಹೀಗಿದೆ: ಬೆಳಗಿನ ಆರಾಧನೆ ಬಯಲಿನಲ್ಲಿ, ನಂತರ ಎಲ್ಲರಿಗೂ ತಿಂಡಿ, ಮಕ್ಕಳಿಗೆ ಮೊಟ್ಟೆ ಹುಡುಕಾಟ (ಅಂಗಳದಲ್ಲಿ ಅಡಗಿಸಿಟ್ಟ ಬಣ್ಣದ ಮೊಟ್ಟೆಗಳನ್ನು ಹುಡುಕುವ ಆಟ). ಅದರ ಹಿಂದಿನ ಶನಿವಾರ ಅಂಗಳ, ಹಳೆಯ ಸಮಾಧಿಭೂಮಿ ಶುಚಿ ಮಾಡಿ, ತರಕಾರಿ ಮಡಿಗಳಲ್ಲಿ ಆಲೂಗಡ್ಡೆ ಹಾಕುವುದು. ಕ್ವೇಕರರಿಗೆ ಈಸ್ಟರ್ ಎಂಬುದೇ ಇರಲಿಲ್ಲ ಎಂದು ಹಿರಿಯರೊಬ್ಬರು ಆಕ್ಷೇಪ ಎತ್ತಿದ್ದಾರೆ. ಇದನ್ನೆಲ್ಲ ಹೇಗೆ ಜೋಡಿಸಬೇಕು, ಎಲ್ಲಿ ಎಡವಟ್ಟಾಗುತ್ತದೆ ಎಂದು ತಿಳಿದವರು ದಯವಿಟ್ಟು ಹೇಳಿ. ಅಡುಗೆಮನೆಯಲ್ಲಿ ಮನೆಬಳಕೆಯ ಒಂದೇ ಓವನ್ ಇದೆ.

---

ಮೌನದ_ಬೆಂಚು

ಹಿರಿಯರು ಹೇಳಿದ್ದು ಸರಿ, ಅದನ್ನು ಮೊದಲು ಒಪ್ಪಿಕೊಳ್ಳಿ. 1650ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಶುರುವಾದಾಗ ಫ್ರೆಂಡ್ಸ್ ಸಮಾಜ ವಿಶೇಷ ಹಬ್ಬದ ದಿನಗಳನ್ನು ಆಚರಿಸುತ್ತಿರಲಿಲ್ಲ. ಕ್ರಿಸ್ತನು ಎದ್ದದ್ದು ನಿಜವಾದರೆ ವರ್ಷದ ಎಲ್ಲ ದಿನಕ್ಕೂ ನಿಜ, ಒಂದೇ ದಿನಕ್ಕೆ ಅದನ್ನು ಕಟ್ಟಿಡಬಾರದು ಎಂಬುದು ಅವರ ನಿಲುವು. ವಾರ, ತಿಂಗಳ ಹೆಸರುಗಳಲ್ಲಿ ಅನ್ಯದೇವತೆಗಳಿವೆ ಎಂದು 'ಮೊದಲನೇ ದಿನ', 'ನಾಲ್ಕನೇ ತಿಂಗಳು' ಎಂದೇ ಬರೆಯುತ್ತಿದ್ದರು. ಪಾಸ್ಟರ್, ಹಾಡುಗಳಿರುವ ಫ್ರೆಂಡ್ಸ್ ಚರ್ಚ್ ಮಿಡ್‌ವೆಸ್ಟ್‌ನಲ್ಲಿ ಬೆಳೆದದ್ದು 1870ರ ದಶಕದ ಉಜ್ಜೀವನ ಸಭೆಗಳ ನಂತರ. ಈಸ್ಟರ್ ಆಚರಣೆ ಒಳಬಂದದ್ದೂ ಆ ದಾರಿಯಲ್ಲೇ. ಎರಡೂ ನಿಮ್ಮ ಪರಂಪರೆಯೇ.

ಆದ್ದರಿಂದ ವಿಷಯವನ್ನು ಜನವರಿಯ ಮಾಸಿಕ ಸಭೆಗೇ ತನ್ನಿ, ಫೆಬ್ರವರಿಗೆ ಕಾಯಬೇಡಿ. ಇಲ್ಲಿ ಮತ ಎಣಿಕೆ ಇಲ್ಲ. ಕ್ಲರ್ಕ್, ಅಂದರೆ ಸಭೆ ನಡೆಸುವವರು, ಸಭೆಯ ಒಮ್ಮನಸ್ಸನ್ನು ಅರಿತು ನಿರ್ಣಯ ಬರೆಯಬೇಕು, ಒಬ್ಬರಿಗೆ ಅಳುಕಿದ್ದರೂ ಮುಂದಿನ ತಿಂಗಳಿಗೆ ಹೋಗಬಹುದು. ಫೆಬ್ರವರಿಯಲ್ಲಿ ಮೊದಲ ಬಾರಿ ತಂದು ಅದು ಮಾರ್ಚ್‌ಗೆ ಹೋದರೆ ತಯಾರಿಗೆ ಸಮಯವೇ ಉಳಿಯುವುದಿಲ್ಲ. 'ಈಸ್ಟರ್ ಆಚರಿಸೋಣವೇ' ಎಂದು ಕೇಳಬೇಡಿ. 'ಆ ಬೆಳಿಗ್ಗೆ ಬಯಲಲ್ಲಿ ಸೇರಿ ಆರಾಧಿಸೋಣ, ಅರ್ಧ ಸಮಯ ಮೌನ' ಎಂದು ಸ್ಪಷ್ಟವಾಗಿ ಮುಂದಿಡಿ. ಆ ಹಿರಿಯರನ್ನೇ ಮೌನದ ಭಾಗ ನೋಡಿಕೊಳ್ಳಲು ಕೇಳಿಕೊಳ್ಳಿ. ಅವರು ಕಾಪಾಡಬೇಕೆಂದಿರುವುದೂ ಅದನ್ನೇ ಅಲ್ಲವೇ.

ಇನ್ನು ಬೆಳಗಿನ ಆರಾಧನೆ. ಮಧ್ಯ ಇಂಡಿಯಾನಾದಲ್ಲಿ ಮಾರ್ಚ್ 28ಕ್ಕೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಏಳೂವರೆಯ ಸುಮಾರಿಗೆ, ಬೇಸಿಗೆಯ ಸಮಯಕ್ಕೆಂದು ಗಡಿಯಾರ ಆಗಲೇ ಒಂದು ಗಂಟೆ ಮುಂದಕ್ಕೆ ಹೋಗಿರುತ್ತದೆ. ಅದಕ್ಕೂ ಸುಮಾರು ಅರ್ಧ ಗಂಟೆ ಮೊದಲೇ ಬೆಳಕು ಹರಿಯುತ್ತದೆ. 7:10ಕ್ಕೆ ಶುರು ಮಾಡಿದರೆ ಓದುವವರಿಗೆ ಅಕ್ಷರ ಕಾಣುತ್ತದೆ, ಸೂರ್ಯನೂ ಮೌನದ ನಡುವೆ ಮೇಲೆ ಬರುತ್ತಾನೆ. ಪೂರ್ವಕ್ಕೆ ಮರಸಾಲು ಅಥವಾ ಕೊಟ್ಟಿಗೆ ಇದ್ದರೆ ಬಿಸಿಲು ಕಾಣುವುದು ಇನ್ನೂ ಹತ್ತು ಹದಿನೈದು ನಿಮಿಷ ತಡ. ಹಿಂದಿನ ವಾರವೇ ಅದೇ ಜಾಗದಲ್ಲಿ ನಿಂತು ನೋಡಿ, ಆದರೆ ಸೂರ್ಯೋದಯ ವಾರಕ್ಕೆ ಸುಮಾರು 11 ನಿಮಿಷ ಬೇಗ ಆಗುತ್ತ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಒಟ್ಟು 30 ನಿಮಿಷ ಸಾಕು, ಆ ಚಳಿಯಲ್ಲಿ ಅದಕ್ಕಿಂತ ಹೆಚ್ಚು ಬೇಡ. ಪಾಸ್ಟರ್ ಸ್ವಾಗತ, ಒಂದು ಕೀರ್ತನೆ, ಯೋಹಾನ 20ರ 1ರಿಂದ 18ನೇ ವಚನ. 'ಇನ್ನೂ ಕತ್ತಲಿರುವಾಗಲೇ' ಎಂದು ಶುರುವಾಗುವ ಭಾಗ ಅದು, ಗಟ್ಟಿಯಾಗಿ ಓದಲು ಮೂರು ನಿಮಿಷ ಬೇಕು. ಆಮೇಲೆ 15 ನಿಮಿಷ ಮೌನ. ಪ್ರೇರಣೆಯಾದವರು ಎದ್ದು ಮಾತಾಡಬಹುದು. ಕೊನೆಯಲ್ಲಿ ಒಂದು ಹಾಡು, ಕೈಕುಲುಕುವುದು.

ಕೆಡುವುದು ಹೆಚ್ಚಾಗಿ ಮೌನದ ಜಾಗದಲ್ಲೇ. ಹಬ್ಬಕ್ಕೆ ಬಂದ ನೆಂಟರಿಗೆ ಮೌನ ಗೊತ್ತಿರುವುದಿಲ್ಲ, ಅವರು ಮಿಸುಕಾಡುವುದನ್ನು ಕಂಡು ಪಾಸ್ಟರ್ ಮೂರನೇ ನಿಮಿಷಕ್ಕೇ ಪ್ರಾರ್ಥನೆ ಶುರು ಮಾಡಿಬಿಡುತ್ತಾರೆ. ಮೊದಲೇ ಎರಡು ವಾಕ್ಯದಲ್ಲಿ ಹೇಳಿಬಿಡಿ: 'ಈಗ ಕಾಲು ಗಂಟೆ ಸುಮ್ಮನಿದ್ದು ದೇವರಿಗೆ ಕಿವಿಗೊಡುತ್ತೇವೆ. ಯಾರೂ ಮಾತಾಡದಿದ್ದರೂ ಅದು ಆರಾಧನೆಯೇ.' ಮೌನ ಮುಗಿಸುವವರು ಯಾರು ಎಂದು ಹಿಂದಿನ ದಿನವೇ ಗೊತ್ತುಮಾಡಿ, ಕೈಗಡಿಯಾರ ಅವರೊಬ್ಬರೇ ನೋಡಲಿ.

ಗಿಟಾರ್ ಬೇಡ. ಬೆಚ್ಚಗಿನ ಒಳಗಿನಿಂದ ತಂದ ತಂತಿ ಚಳಿಗೆ ಬಿಗಿದು ಶ್ರುತಿ ಏರುತ್ತದೆ. ಎಲ್ಲರಿಗೂ ಬಾಯಿಪಾಠವಿರುವ ಹಾಡು ಆರಿಸಿದರೆ ಹಾಳೆ ಹಿಡಿಯುವ ಗೋಜೂ ಇಲ್ಲ. ಕುರ್ಚಿಗಳನ್ನು ರಾತ್ರಿಯೇ ಹೊರಗಿಟ್ಟರೆ ಇಬ್ಬನಿಗೆ ತೊಯ್ದಿರುತ್ತವೆ. 6:45ಕ್ಕೆ ಇಡಿ, ಒಂದಿಷ್ಟು ಕಂಬಳಿ ಇಟ್ಟುಕೊಳ್ಳಿ. ಕಾರು ನಿಲ್ಲಿಸುವ ಜಾಗದಿಂದ ಬಯಲಿನವರೆಗೆ ನಾಲ್ಕೈದು ಕಡೆ ಬ್ಯಾಟರಿ ದೀಪ ಬೇಕೇ ಬೇಕು.

---

ಐವತ್ತು_ಎಲೆ

ತಿಂಡಿಯ ಬಗ್ಗೆ. ಒಂದೇ ಓವನ್ ಎಂದ ಮೇಲೆ ಪ್ಯಾನ್‌ಕೇಕ್ ಬಿಟ್ಟುಬಿಡಿ. 45 ಜನಕ್ಕೆ ಬಿಸಿಬಿಸಿ ಹುಯ್ದು ಕೊಡಲು ಇಬ್ಬರು ಒಲೆ ಮುಂದೆ ನಿಂತೇ ಇರಬೇಕು, ಅವರಿಗೆ ಆರಾಧನೆಯೇ ತಪ್ಪುತ್ತದೆ. ಮೊಟ್ಟೆ-ಬ್ರೆಡ್ ಕ್ಯಾಸರೋಲ್ ಮಾಡಿ. ಹಿಂದಿನ ರಾತ್ರಿ ಜೋಡಿಸಿಟ್ಟರೆ ಬೆಳಿಗ್ಗೆ ಬೇಯಿಸುವುದಷ್ಟೇ ಕೆಲಸ.

9ಕ್ಕೆ 13 ಇಂಚಿನ ಒಂದು ತಟ್ಟೆಗೆ 10 ಮೊಟ್ಟೆ, ಎರಡೂವರೆ ಕಪ್ ಹಾಲು, ತುಂಡು ಮಾಡಿದ ಬ್ರೆಡ್ 6 ಕಪ್, ತುರಿದ ಚೀಸ್ 2 ಕಪ್, ಒಂದು ಚಮಚ ಉಪ್ಪು. ದೊಡ್ಡ ಚಮಚವಲ್ಲ, ಟೀ ಚಮಚ. ಒಂದರಲ್ಲಿ 12 ತುಂಡು ಬರುತ್ತದೆ. ನಾಲ್ಕು ತಟ್ಟೆಗೆ 48 ತುಂಡು, ಜೊತೆಗೆ ಹಣ್ಣು, ಬನ್ ಇದ್ದರೆ ಸಾಕು. ಎರಡು ತಟ್ಟೆಯನ್ನಾದರೂ ಮಾಂಸವಿಲ್ಲದೆ ಮಾಡಿ ಚೀಟಿ ಅಂಟಿಸಿ.

ಬ್ರೆಡ್ ಒಂದೆರಡು ದಿನ ಹಳೆಯದಿರಬೇಕು. ಮೆತ್ತನೆಯ ಹೊಸ ಬ್ರೆಡ್ ಹಾಲು ಕುಡಿದು ಗಂಜಿಯಾಗಿ ತಳದಲ್ಲಿ ಕೂರುತ್ತದೆ, ಮೇಲೆ ಬೆಂದಂತೆ ಕಂಡರೂ ಒಳಗೆ ಹಸಿ. ಹೊಸದೇ ಸಿಕ್ಕರೆ 300 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 10-15 ನಿಮಿಷ ಒಣಗಿಸಿಕೊಳ್ಳಿ. ಓವನ್ 350 ಡಿಗ್ರಿ. ಒಂದೇ ತಟ್ಟೆಯಾದರೆ 50 ನಿಮಿಷ, ನಾಲ್ಕನ್ನೂ ಎರಡು ಅಂತಸ್ತಿನಲ್ಲಿ ತುಂಬಿದರೆ 70 ನಿಮಿಷದವರೆಗೂ ಹೋಗಬಹುದು. ಅರ್ಧಕ್ಕೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಬದಲಿಸಬೇಕು. ನಟ್ಟನಡುವೆ ಥರ್ಮಾಮೀಟರ್ ಚುಚ್ಚಿ 160 ಡಿಗ್ರಿ ತೋರಿಸಿದರೆ ಬೆಂದಿದೆ. ಬಣ್ಣ ನೋಡಿ ತೀರ್ಮಾನಿಸಬೇಡಿ.

ಗಾಜಿನ ತಟ್ಟೆಯನ್ನು ಫ್ರಿಜ್‌ನಿಂದ ತೆಗೆದು ನೇರ ಕಾದ ಓವನ್‌ಗೆ ಇಟ್ಟರೆ ಸೀಳಿಹೋಗಬಹುದು. ಲೋಹದ ತಟ್ಟೆಯೇ ಒಳ್ಳೆಯದು. ಬಳಸಿ ಬಿಸಾಡುವ ತೆಳು ಅಲ್ಯೂಮಿನಿಯಂ ತಟ್ಟೆಯಾದರೆ ಅಡಿಗೆ ಗಟ್ಟಿ ಟ್ರೇ ಇಡಿ, ಇಲ್ಲವಾದರೆ ಎತ್ತುವಾಗ ನಡು ಬಾಗಿ ಎಲ್ಲ ನೆಲಕ್ಕೆ ಚೆಲ್ಲುತ್ತದೆ. 7:00ಕ್ಕೆ ಒಳಗಿಟ್ಟರೆ 8:10ಕ್ಕೆ ಬಡಿಸಬಹುದು. ನಡುವೆ 7:35ರ ಬದಲಾವಣೆಗೆ ಒಬ್ಬರು ಒಳಗಿರಬೇಕು, ಆ ಸರದಿ ವರ್ಷ ವರ್ಷವೂ ಒಬ್ಬರಿಗೇ ಬೀಳದಂತೆ ನೋಡಿಕೊಳ್ಳಿ.

ಕಾಫಿಯ ದೊಡ್ಡ ಪಾತ್ರೆಯ ಮೇಲೆ '60 ಕಪ್' ಎಂದಿದ್ದರೆ ಅದು 5 ಔನ್ಸ್‌ನ ಕಪ್ ಲೆಕ್ಕ. ಚರ್ಚ್‌ಗಳಲ್ಲಿರುವ 8 ಔನ್ಸ್ ಮಗ್ಗಿಗೆ ಸುಮಾರು 37 ಬರುತ್ತದೆ. ಕಾಯಲು ಒಂದು ಗಂಟೆ ಹಿಡಿಯುತ್ತದೆ. ಕಾಫಿಗೊಂದು, ಬಿಸಿನೀರಿಗೊಂದು ಎಂದು ಎರಡು ಪಾತ್ರೆ ಒಂದೇ ಗೋಡೆಯ ಪ್ಲಗ್‌ಗಳಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಒಂದೊಂದು 1500 ವಾಟ್, ಅಂದರೆ 12 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಹಳೆಯ ಕಟ್ಟಡದ ಒಂದು ಸರ್ಕ್ಯೂಟ್‌ಗೆ 15 ಅಥವಾ 20 ಆಂಪಿಯರ್ ಅಷ್ಟೇ. ಎಲ್ಲರೂ ಹೊರಗಿದ್ದಾಗ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ, ಒಳಬಂದಾಗ ತಣ್ಣೀರು. ಯಾವ ಪ್ಲಗ್ ಯಾವ ಸರ್ಕ್ಯೂಟ್ ಎಂದು ಶನಿವಾರವೇ ನೋಡಿಡಿ.

---

ಮುಂಜಾವು45

ತುಂಬಾ ಧನ್ಯವಾದ. ಅಂಗಳದ ಕೆಲಸ, ಮೊಟ್ಟೆ ಹುಡುಕಾಟ ಎರಡೂ ಬಾಕಿ. ಮಕ್ಕಳಲ್ಲಿ ಮೂರು ವರ್ಷದೊಳಗಿನವರು 3, ನಾಲ್ಕರಿಂದ ಏಳರವರು 6, ಎಂಟರಿಂದ ಹನ್ನೊಂದರವರು 5. ಸಮಾಧಿ ಕಲ್ಲುಗಳು ಬಿಳಿ ಅಮೃತಶಿಲೆ, ಪಾಚಿ ಹಿಡಿದಿದೆ. ಪ್ರೆಷರ್ ವಾಷರ್ ತರುತ್ತೇನೆಂದು ಒಬ್ಬರು ಒಪ್ಪಿಕೊಂಡಿದ್ದಾರೆ.

---

ಕಲ್ಲುಮಣ್ಣು

ಪ್ರೆಷರ್ ವಾಷರ್ ಬೇಡವೇ ಬೇಡ. ದಯವಿಟ್ಟು ಅವರಿಗೆ ಇವತ್ತೇ ಹೇಳಿ. ಹಳೆಯ ಅಮೃತಶಿಲೆಯ ಮೇಲ್ಪದರ ಮಳೆಗೆ ಸವೆದು ಸಕ್ಕರೆಯಂತೆ ಪುಡಿಪುಡಿಯಾಗಿರುತ್ತದೆ. ಬೆರಳಾಡಿಸಿದರೆ ಬಿಳಿ ಹರಳು ಅಂಟುತ್ತದೆ, ಅಂಥ ಕಲ್ಲಿಗೆ ಬ್ರಷ್ ಕೂಡ ಮುಟ್ಟಿಸಬಾರದು. ನೀರಿನ ಹೊಡೆತಕ್ಕೆ ಅಕ್ಷರವೇ ಹಾರಿಹೋಗುತ್ತದೆ, ಹೋದ ಹೆಸರು ಮತ್ತೆ ಬರುವುದಿಲ್ಲ. ಬ್ಲೀಚ್, ವಿನೆಗರ್, ತಂತಿ ಬ್ರಷ್ ಮೂರೂ ನಿಷಿದ್ಧ. ಬ್ಲೀಚ್‌ನ ಉಪ್ಪು ಕಲ್ಲಿನೊಳಗೆ ಇಳಿದು ಒಣಗುವಾಗ ಹರಳುಗಟ್ಟಿ ಪದರ ಒಡೆಯುತ್ತದೆ, ವಿನೆಗರ್ ಕಲ್ಲನ್ನೇ ಕರಗಿಸುತ್ತದೆ.

ಗಟ್ಟಿಯಾಗಿರುವ ಕಲ್ಲಿಗೆ ಬೇಕಾದದ್ದು ಬಕೆಟ್ ತುಂಬಾ ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್, ಕಲ್ಲುಹೂವು ಎಬ್ಬಿಸಲು ಮರದ ಚಪ್ಪಟೆ ಕಡ್ಡಿ. ಮೊದಲು ಚೆನ್ನಾಗಿ ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋಗಿ, ಆಗಾಗ ತೊಳೆಯುತ್ತಿರಿ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೀರುಗೀರಾಗಿ ಕಲೆ ಕೂರುತ್ತದೆ. ವಾಲಿದ ಕಲ್ಲಿನ ಹತ್ತಿರ ಮಕ್ಕಳನ್ನು ಬಿಡಬೇಡಿ. ಅಮೃತಶಿಲೆ ಒಂದು ಘನ ಅಡಿಗೇ ಸುಮಾರು 170 ಪೌಂಡ್ ತೂಗುತ್ತದೆ.

ಇದನ್ನು ಮಾರ್ಚ್ 27ಕ್ಕೆ ಇಟ್ಟುಕೊಳ್ಳಲೇಬೇಡಿ. ಕಲ್ಲು ಕುಡಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ಬಿರುಕು ಬಿಡುತ್ತದೆ. ರಾತ್ರಿಯೂ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿಯದ ವಾರ ಬೇಕು, ಏಪ್ರಿಲ್ ಕೊನೆ ಅಥವಾ ಮೇ. ಮಾರ್ಚ್ 27ಕ್ಕೆ ಒಣ ಎಲೆ ಗುಡಿಸುವುದು, ಬಿದ್ದ ಕೊಂಬೆ ಆರಿಸುವುದು, ಮಳೆನೀರಿನ ದೋಣಿಯ ಕಸ ತೆಗೆಯುವುದು ಸಾಕು. ಮಕ್ಕಳಿಗೆ ಕಲ್ಲು ಓದುವ ಕೆಲಸ ಕೊಡಿ. '3ನೇ ತಿಂ. 12ನೇ ದಿ.' ಎಂದು ಕೆತ್ತಿದ್ದರೆ ಅದು ಮಾರ್ಚ್ 12. 1752ಕ್ಕಿಂತ ಹಿಂದೆ ಕ್ವೇಕರರ ಮೊದಲ ತಿಂಗಳು ಮಾರ್ಚ್ ಆಗಿತ್ತು, ಆದರೆ ಇಂಡಿಯಾನಾದ ಸಮಾಧಿಗಳು ಅದಕ್ಕೂ ಈಚಿನವು, ಗೊಂದಲವಿಲ್ಲ.

ಆಲೂಗಡ್ಡೆಯನ್ನು ಗುಡ್ ಫ್ರೈಡೇಗೆ ಹಾಕುವ ರೂಢಿ ಇದೆ, ನಿಮ್ಮ ಯೋಚನೆಯೂ ಅಲ್ಲಿಂದಲೇ ಬಂದಿರಬಹುದು. ಆದರೆ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳುತ್ತದೆ. 2027ರ ಗುಡ್ ಫ್ರೈಡೇ ಮಾರ್ಚ್ 26, 2028ರದ್ದು ಏಪ್ರಿಲ್ 14. ಮಣ್ಣಿಗೆ ಪಂಚಾಂಗ ಗೊತ್ತಿಲ್ಲ. ನಾಲ್ಕಿಂಚು ಆಳದಲ್ಲಿ ಬೆಳಗಿನ ಹೊತ್ತು 45 ಡಿಗ್ರಿ ಇದೆಯೇ ನೋಡಿ. ಮಣ್ಣು ಹಿಡಿದು ಹಿಸುಕಿದಾಗ ಉಂಡೆ ಉದುರಬೇಕು, ಜಿಗುಟಾಗಿ ನಿಂತರೆ ಇನ್ನೂ ಕಾಯಬೇಕು. ತಣ್ಣನೆಯ ಕೆಸರಿನಲ್ಲಿ ಬಿತ್ತನೆ ತುಂಡು ಮೊಳೆಯುವ ಮೊದಲೇ ಕೊಳೆಯುತ್ತದೆ. ಎರಡು ಕಣ್ಣಾದರೂ ಇರುವಂತೆ ಎರಡು ಔನ್ಸ್ ತುಂಡು ಮಾಡಿ, ಕೊಯ್ದ ಮುಖ ಒಣಗಲು ಎರಡು ಮೂರು ದಿನ ಬಿಟ್ಟು, ಅಡಿಗೊಂದರಂತೆ ಇಡಿ. 10 ಪೌಂಡ್‌ಗೆ 80 ಅಡಿ ಸಾಲು. ಶನಿವಾರ ಮಕ್ಕಳ ಕೈಗೆ ಏನಾದರೂ ಕೊಡಲೇಬೇಕೆಂದರೆ ಬಟಾಣಿ ಬಿತ್ತಿಸಿ, ಅದು ಚಳಿ ತಡೆಯುತ್ತದೆ.

---

ಬುಟ್ಟಿ_ಹನ್ನೆರಡು

ಮೊಟ್ಟೆ ಹುಡುಕಾಟಕ್ಕೆ ಒಳಗೆ ಉಡುಗೊರೆ ಇಡಲು ಬರುವ ಟೊಳ್ಳು ಪ್ಲಾಸ್ಟಿಕ್ ಮೊಟ್ಟೆ ತನ್ನಿ, ವಯಸ್ಸಿಗೊಂದು ಬಣ್ಣ ಇಡಿ, ಮಗುವಿಗೆ ಹತ್ತು. ನಿಮ್ಮ ಲೆಕ್ಕಕ್ಕೆ ಹಳದಿ 30, ನೀಲಿ 60, ನೇರಳೆ 50. ಹತ್ತು ಸಿಕ್ಕವರು ಉಳಿದವರಿಗೆ ಹುಡುಕಿಕೊಡಲಿ, ಆಗ ಚುರುಕಾದವನೊಬ್ಬನೇ ಬುಟ್ಟಿ ತುಂಬಿಕೊಳ್ಳುವುದಿಲ್ಲ. ಹಳದಿಯವನ್ನು ಅಡಗಿಸಬೇಡಿ, ಹುಲ್ಲಿನ ಮೇಲೆ ಸುಮ್ಮನೆ ಹರಡಿ. ಅವುಗಳ ಒಳಗೆ ಜೆಲ್ಲಿಬೀನ್, ಗಟ್ಟಿ ಮಿಠಾಯಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸ್ಟಿಕರ್ ಪುಟ್ಟ ಮಕ್ಕಳ ಬಾಯಿಗೂ ಹೋಗುತ್ತದೆ, ಬಟ್ಟೆಯ ಚಿಕ್ಕ ಕರವಸ್ತ್ರ ಮಡಿಸಿಟ್ಟರೆ ವಾಸಿ. ಕಡಲೆಕಾಯಿ ಅಲರ್ಜಿ ಯಾರಿಗಿದೆ ಎಂದು ಮೊದಲೇ ಮನೆಯವರನ್ನು ಕೇಳಿ.

ಅಡಗಿಸುವವರು ಎಲ್ಲೆಲ್ಲಿ ಎಷ್ಟು ಇಟ್ಟರೆಂದು ಚೀಟಿಯಲ್ಲಿ ಬರೆದಿಡಲಿ, ಮುಗಿದ ಮೇಲೆ ಖಾಲಿ ಚಿಪ್ಪುಗಳನ್ನು ಎಣಿಸಿ ವಾಪಸ್ ಪಡೆಯಿರಿ. ಒಂದು ಉಳಿದರೂ ಮೇ ತಿಂಗಳಲ್ಲಿ ಹುಲ್ಲು ಕೊಯ್ಯುವ ಯಂತ್ರಕ್ಕೆ ಸಿಕ್ಕು ಚೂರು ಸಿಡಿಯುತ್ತದೆ. ಸಮಾಧಿಭೂಮಿಯ ಕಡೆ ಹಗ್ಗ ಕಟ್ಟಿಬಿಡಿ.

ನಿಜವಾದ ಮೊಟ್ಟೆಗೆ ಬಣ್ಣ ಹಾಕುವುದು ಶನಿವಾರ ಮಧ್ಯಾಹ್ನದ ಒಳಾಂಗಣ ಕೆಲಸವಾಗಲಿ, ಹುಡುಕಾಟಕ್ಕೆ ಅವು ಬೇಡ. ಬೇಯಿಸಿದ ಮೊಟ್ಟೆ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಫ್ರಿಜ್‌ನಲ್ಲಿ ಏಳು ದಿನ. ಹತ್ತು ಹನ್ನೆರಡು ಈರುಳ್ಳಿಯ ಒಣಸಿಪ್ಪೆಯನ್ನು ನಾಲ್ಕು ಕಪ್ ನೀರಲ್ಲಿ ಅರ್ಧ ಗಂಟೆ ಕುದಿಸಿ, ಸೋಸಿ, ಆರಿದ ಮೇಲೆ ಕಪ್ಪಿಗೊಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿ. ಬಿಳಿ ಮೊಟ್ಟೆ ಅರ್ಧ ಗಂಟೆಗೆ ಕಿತ್ತಳೆ, ಇನ್ನೂ ಬಿಟ್ಟರೆ ಇಟ್ಟಿಗೆ ಕೆಂಪು. ಕೆಂಪು ಎಲೆಕೋಸಿನ ನೇರಳೆ ನೀರಲ್ಲಿ ಅದ್ದಿದ ಬಿಳಿ ಮೊಟ್ಟೆ ನೀಲಿಯಾಗಿ ಹೊರಬರುವುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ, ಅದಕ್ಕೆ ಮಾತ್ರ ಕೆಲವು ಗಂಟೆ ಫ್ರಿಜ್‌ನಲ್ಲಿಡುವ ತಾಳ್ಮೆ ಬೇಕು. ವಿನೆಗರ್ ಜಾಸ್ತಿಯಾದರೆ ಚಿಪ್ಪು ಗುಳ್ಳೆಯೆದ್ದು ಬಣ್ಣ ಚುಕ್ಕೆಚುಕ್ಕೆಯಾಗುತ್ತದೆ. ಎಣ್ಣೆ ಕೈಯಲ್ಲಿ ಮುಟ್ಟಿದ ಕಡೆ ಬಣ್ಣವೇ ಹಿಡಿಯುವುದಿಲ್ಲ.

---

ಮೌನದ_ಬೆಂಚು

ಹುಡುಕಾಟವನ್ನು ತಿಂಡಿಯ ನಂತರ ಇಡಿ. ಆರಾಧನೆಗೆ ಮೊದಲೇ ಮೊಟ್ಟೆ ಹರಡಿದ್ದರೆ 15 ನಿಮಿಷದ ಮೌನದಲ್ಲಿ ಮಕ್ಕಳ ಕಣ್ಣು ಹುಲ್ಲಿನ ಮೇಲೇ ಇರುತ್ತದೆ.

ಮಳೆ ಬಂದರೆ ಎಂಬ ತೀರ್ಮಾನವನ್ನು ಶನಿವಾರ ರಾತ್ರಿ ಎಂಟಕ್ಕೆ ಒಬ್ಬರೇ ತೆಗೆದುಕೊಳ್ಳಲಿ, ಕ್ಲರ್ಕ್ ಅಥವಾ ಪಾಸ್ಟರ್. ಬೆಳಿಗ್ಗೆ ಆರಕ್ಕೆ ಫೋನ್ ಮೇಲೆ ಫೋನ್ ಮಾಡುವ ಪರಿಸ್ಥಿತಿ ಬೇಡ. ಒಳಗೆ ಮಾಡುವುದಾದರೂ ಸಮಯ ಅದೇ 7:10, ದೀಪ ಹಚ್ಚದೆ ಪೂರ್ವದ ಕಿಟಕಿಗಳ ಕಡೆ ಬೆಂಚು ತಿರುಗಿಸಿ. ಓದುವವರಿಗೆ ಮಾತ್ರ ಒಂದು ಕೈದೀಪ.