ಓಮಾಹಾ ಹೈ-ಲೋ: ವಿಡಿಯೋ ನೋಡಿ ಕಲಿಯುವವರ ಪ್ರಶ್ನೆಗಳು, ಡೀಲರ್ ಮೇಡಂ ಉತ್ತರಗಳು

ಅಡ್ಮಿನ್: ಬೇ ಏರಿಯಾ ಕನ್ನಡಿಗರ ಕಾರ್ಡ್ಸ್ ಗುಂಪಿನ ಈ ವಾರದ ಪ್ರಶ್ನೋತ್ತರ. ಉತ್ತರ ಕೊಡುವವರು ಕ್ಯಾಲಿಫೋರ್ನಿಯಾದ ಕಾರ್ಡ್‌ರೂಮುಗಳಲ್ಲಿ ಎಲೆ ಹಂಚುವ, ಹೊಸ ಡೀಲರ್‌ಗಳಿಗೆ ತರಬೇತಿ ಕೊಡುವ ನಮ್ಮ ಡೀಲರ್ ಮೇಡಂ. ಓಮಾಹಾ ಹೈ-ಲೋ ಒಂದು ಬಗೆಯ ಪೋಕರ್. ಹೊಸಬರಿಗೆ ನಿಯಮ ಇಷ್ಟು: ಕೈಗೆ ನಾಲ್ಕು ಎಲೆ, ಎಲ್ಲರಿಗೂ ಸೇರಿದ ಬೋರ್ಡ್ ಮೇಲೆ ಐದು: ಮೊದಲ ಮೂರು ಫ್ಲಾಪ್, ನಾಲ್ಕನೇದು ಟರ್ನ್, ಐದನೇದು ರಿವರ್. ಕೈಯಿಂದ ಎರಡೇ ಎರಡು, ಬೋರ್ಡ್‌ನಿಂದ ಮೂರೇ ಮೂರು. ಪಾಟ್, ಅಂದರೆ ಎಲ್ಲರೂ ಕಟ್ಟಿದ ಹಣದಲ್ಲಿ, ಅರ್ಧ ಹೈಗೆ (ಅತಿ ದೊಡ್ಡ ಕೈಗೆ), ಅರ್ಧ ಲೋಗೆ (ಅತಿ ಚಿಕ್ಕ ಕೈಗೆ). ಲೋ ಆಗಬೇಕಾದರೆ ಎಂಟು ಅಥವಾ ಅದಕ್ಕಿಂತ ಕೆಳಗಿನ, ಜೋಡಿಯಿಲ್ಲದ ಐದು ಎಲೆ ಬೇಕು, ಎಕ್ಕ ಒಂದು ಅಂತ ಲೆಕ್ಕ. ಲೋ ಯಾರಿಗೂ ಆಗದಿದ್ದರೆ ಪೂರ್ತಿ ಪಾಟ್ ಹೈಗೆ. ರೇಸ್ ಅಂದರೆ ಬೆಟ್ ಏರಿಸೋದು, ಕಾಲ್ ಅಂದರೆ ಸಮ ಹಾಕೋದು, ಫೋಲ್ಡ್ ಅಂದರೆ ಎಲೆ ಮಡಚಿ ಬಿಡೋದು, ನಟ್ ಅಂದರೆ ಆ ಬೋರ್ಡ್ ಮೇಲೆ ಆಗಬಹುದಾದ ಅತ್ಯುತ್ತಮ ಕೈ.

ಫ್ರೀಮಾಂಟ್ ಹುಡುಗ: ಮೇಡಂ, ವಿಡಿಯೋದಲ್ಲಿ "ಎಕ್ಕ-ಎರಡು ಬಂದ್ರೆ ಕಣ್ಣುಮುಚ್ಚಿ ರೇಸ್ ಮಾಡಿ" ಅಂತಾರೆ. ನನ್ನ ಕೈ ಎಕ್ಕ-2-ರಾಜ-ರಾಣಿ. ಫ್ಲಾಪ್ 4-7-8, ಟರ್ನ್ ಗುಲಾಮ, ರಿವರ್ 3. ನಟ್ ಲೋ ನನ್ನದೇ. 4-8 ಡಾಲರ್ ಲಿಮಿಟ್ ಟೇಬಲ್ (ಬೆಟ್ ಮೊತ್ತ ನಿಗದಿ), ಕೊನೆಗೆ ಮೂರು ಜನ ಉಳಿದಿದ್ವಿ, ನಾನು ಆದಷ್ಟು ಸಲ ರೇಸ್ ಮಾಡಿದೆ. ಕೈಗೆ ಬಂದಿದ್ದು ಕಾಲು ಪಾಟ್, ಹಾಕಿದ್ದಕ್ಕಿಂತ ಕಡಿಮೆ. ಎಲ್ಲಿ ತಪ್ಪಾಯ್ತು?

ಡೀಲರ್ ಮೇಡಂ: ಇದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ವಿಡಿಯೋ ನೋಡಿ ಬರೋರಲ್ಲಿ ಹೆಚ್ಚಿನವರ ದುಡ್ಡು ಇಲ್ಲೇ ಸೋರಿಹೋಗೋದು.

ನಿಮ್ಮ ಕೈಯಲ್ಲಿ ಎಕ್ಕ-2 ಇದ್ದಾಗ ಎದುರಿನ ಒಬ್ಬನ ಕೈಯಲ್ಲೂ ಎಕ್ಕ-2 ಇರುವ ಸಾಧ್ಯತೆ ಶೇ. 4.4. ಕಮ್ಮಿ ಅನಿಸುತ್ತೆ. ಒಂಬತ್ತು ಜನರ ಟೇಬಲ್‌ನಲ್ಲಿ ಎದುರು ಎಂಟು ಜನ ಇರ್ತಾರೆ, ಅಲ್ಲಿಗೆ ಹತ್ತಿರಹತ್ತಿರ ಮೂರಕ್ಕೆ ಒಂದು ಸಲ ಇನ್ನೊಬ್ಬನ ಹತ್ರ ಅದೇ ಜೋಡಿ ಇರುತ್ತೆ. ಆ ಜೋಡಿ ಹಿಡಿದವನು ಫೋಲ್ಡ್ ಮಾಡಿ ಎದ್ದುಹೋಗಲ್ಲ. ರಿವರ್‌ನಲ್ಲಿ ನೀವು ರೇಸ್ ಮಾಡಿದಾಗಲೂ ಸುಮ್ಮನೆ ಕಾಲ್ ಮಾಡ್ತಾ ಕೂತಿರೋನು ಅವನೇ.

ಇಬ್ಬರದೂ ಒಂದೇ ಲೋ ಆದರೆ ಲೋದ ಅರ್ಧ ಇಬ್ಬರಿಗೂ ಹಂಚಿಹೋಗಿ ನಿಮಗೆ ಪಾಟ್‌ನ ಕಾಲುಪಾಲು. ಈಗ ಅದರ ಲೆಕ್ಕ. ರಿವರ್‌ನಲ್ಲಿ ಪ್ರತಿ ರೇಸ್ 8 ಡಾಲರ್. ಮೂರು ಜನ ಹಾಕಿದರೆ 24, ಅದರಲ್ಲಿ ನಿಮ್ಮ ಕಾಲುಪಾಲು 6. ಪ್ರತಿ ರೇಸ್‌ಗೂ 2 ಡಾಲರ್ ಕೈಬಿಟ್ಟಿರಿ. ಇಬ್ಬರೇ ಇದ್ದರೆ 16ರಲ್ಲಿ 4, ನಷ್ಟ 4. ನಾಲ್ವರಿದ್ದರೆ 32ರಲ್ಲಿ 8, ಸಮ. ಐವರಿದ್ದರೆ ಮಾತ್ರ 40ರಲ್ಲಿ 10, ಅಂದರೆ 2 ಡಾಲರ್ ಲಾಭ. ಹಾಗಾಗಿ ಬರೀ ಲೋ ಇರುವ ಕೈಯಲ್ಲಿ ಮೂವರ ಮಧ್ಯೆ ಮತ್ತೆ ಮತ್ತೆ ರೇಸ್ ಬಂದರೆ ಕಾಲ್ ಮಾಡಿ ಸುಮ್ಮನಿರಿ. ಫೋಲ್ಡ್ ಮಾಡಬೇಡಿ. ಪಾಟ್‌ನಲ್ಲಿ ಆಗಲೇ 100 ಇದ್ದರೆ 8 ಹಾಕಿ ಕಾಲು ಪಾಲು ಬಂದರೂ ಲಾಭವೇ.

ಪಾಟ್-ಲಿಮಿಟ್ ಟೇಬಲ್‌ನಲ್ಲಿ (ಅಲ್ಲಿ ಪಾಟ್‌ನಲ್ಲಿರುವಷ್ಟರವರೆಗೆ ಬೆಟ್ ಕಟ್ಟಬಹುದು) ಈ ಮಾತು ತಿರುಗುಮುರುಗು. ಪಾಟ್ 100, ಎದುರಿನವನು 100 ಬೆಟ್ ಕಟ್ಟಿದ, ನೀವು 100 ಕಾಲ್ ಮಾಡಿದಿರಿ ಅಂದರೆ ಒಟ್ಟು 300, ಕಾಲುಪಾಲು 75. ನಟ್ ಲೋ ಹಿಡಿದುಕೊಂಡು 100 ಹಾಕಿ 75 ತಗೊಂಡಿರಿ. ಎದುರಿನವನ ಹತ್ರ ಹೈ ಜೊತೆಗೆ ಎಕ್ಕ-2 ಕೂಡ ಇದೆ ಅಂತ ಗಟ್ಟಿಯಾಗಿ ಗೊತ್ತಾದರೆ ಅಲ್ಲಿ ಫೋಲ್ಡ್ ಸರಿ.

ಇನ್ನೊಂದು. ನಿಮ್ಮ ರಾಜ-ರಾಣಿ ಆ ಬೋರ್ಡ್‌ನಲ್ಲಿ ಏನೂ ಮಾಡಲಿಲ್ಲ. ಹೈಗೆ ದಾರಿಯೇ ಇಲ್ಲದ ಕೈಗೆ ಅರ್ಧ ಪಾಟೇ ಕಡೇ ಮಿತಿ. ಫ್ಲಾಪ್ 4-7-8 ಆದಮೇಲೆ ಟರ್ನ್ ಅಥವಾ ರಿವರ್‌ನಲ್ಲಿ ಎಕ್ಕನೋ ಎರಡೋ ಬಿದ್ದು ನಿಮ್ಮ ನಟ್ ಲೋ ಕೆಡುವ ಸಾಧ್ಯತೆ ಶೇ. 25. ಅದೇ ಕೈಯಲ್ಲಿ ರಾಣಿ ಬದಲು ಒಂದು 3 ಇದ್ದಿದ್ದರೆ? ಎಕ್ಕ, 2, 3 ಈ ಮೂರರಲ್ಲಿ ಎರಡು ಬೇರೆ ಬೇರೆ ಎಲೆ ಬಿದ್ದರೆ ಮಾತ್ರ ಕೆಡುತ್ತೆ, ಅದು ಶೇ. 2.7. ಮೂರನೇ ಚಿಕ್ಕ ಎಲೆಗೆ ಅಷ್ಟು ಬೆಲೆ.

ಲೆಕ್ಕದ ಮೇಷ್ಟ್ರು: ಮೇಡಂ, 4.4 ಅಲ್ಲ, 6.4 ಆಗಬೇಕು. ಒಟ್ಟು ಕೈಗಳು 2,70,725, ಅದರಲ್ಲಿ ಎಕ್ಕ-2 ಇರೋವು 17,316.

ಟ್ರೇಸಿ ತುಮಕೂರಿನವ: ಅದು ಯಾರ ಎಲೆಯೂ ಗೊತ್ತಿಲ್ಲದಾಗ. ನಿಮ್ಮ ಕೈಯಲ್ಲೇ ಒಂದು ಎಕ್ಕ, ಒಂದು ಎರಡು ಇದೆಯಲ್ಲ? ಮಿಕ್ಕ 48 ಎಲೆಯಲ್ಲಿ ಮೂರು ಎಕ್ಕ, ಮೂರು ಎರಡು. 1,94,580ರಲ್ಲಿ 8,520. ಮೇಡಂ ಹೇಳಿದ್ದು ಸರಿ.

ಲೆಕ್ಕದ ಮೇಷ್ಟ್ರು: ವಿಡಿಯೋದಲ್ಲಿ 6.4 ಅಂತಲೇ ಇದೆ.

ಟ್ರೇಸಿ ತುಮಕೂರಿನವ: ವಿಡಿಯೋದಲ್ಲಿ ಯಾವ ಪ್ರಶ್ನೆಗೆ 6.4 ಅಂದರು ಅಂತ ಇನ್ನೊಂದು ಸಲ ನೋಡಿ ಸಾರ್.

ಎಕ್ಕರಾಜ: ಎಲ್ಲರಿಗೂ ಉಪಯೋಗ ಆಗಲಿ ಅಂತ. ಫಾರ್ವರ್ಡ್ ಬಂದಿದ್ದು: "ಓಮಾಹಾದಲ್ಲಿ ಸೋಲೇ ಇಲ್ಲದ ಸೂತ್ರ. 1) ಎಕ್ಕದ ಜೋಡಿ ಬಂದರೆ ಪೂರ್ತಿ ಪಾಟ್ ರೇಸ್. 2) 6-7-8-9 ಸಾಲಾಗಿ ಬಂದರೆ ಬಿಡಲೇಬೇಡಿ. 3) ಲೋ ಎಳೀತಾ ಇದ್ದರೆ ರಿವರ್ ನೋಡದೆ ಫೋಲ್ಡ್ ಮಾಡಬೇಡಿ."

ಡೀಲರ್ ಮೇಡಂ: ದಯವಿಟ್ಟು ಇದನ್ನು ಇನ್ನು ಯಾರಿಗೂ ಕಳಿಸಬೇಡಿ. ಮೊದಲ ಎರಡು ಹೈ ಮಾತ್ರ ಇರುವ ಓಮಾಹಾದಿಂದ ಎತ್ತಿದ್ದು. 6-7-8-9 ತಗೊಳ್ಳಿ. ಬೋರ್ಡ್ 4-5-8 ಬಂದರೆ ನಿಮ್ಮದು ಸ್ಟ್ರೇಟ್ (ಸಾಲಾದ ಐದು ಎಲೆ), ಆದರೆ ಬೋರ್ಡ್ ಮೇಲೆ ಮೂರು ಚಿಕ್ಕ ಎಲೆ ಇವೆ, ಅರ್ಧ ಪಾಟ್ ಎಕ್ಕ-2 ಇರೋನ ಪಾಲು. ಬೋರ್ಡ್ 8-10-ಗುಲಾಮ ಬಂದರೆ ನಿಮ್ಮ 7-9 ಸ್ಟ್ರೇಟ್ ಆಗುತ್ತೆ, 9-ರಾಣಿ ಇರೋನು ಅದಕ್ಕಿಂತ ಮೇಲಿನ ಸ್ಟ್ರೇಟ್ ತೋರಿಸ್ತಾನೆ. ಗೆದ್ದರೆ ಅರ್ಧ, ಸೋತರೆ ಪೂರ್ತಿ. ತುಂಬಿದ ಟೇಬಲ್‌ನಲ್ಲಿ ಅದನ್ನು ಮೊದಲೇ ಮಡಚಿ. ಎಕ್ಕದ ಜೋಡಿ ಜೊತೆಗೆ 2-3 ಇದ್ದು, ಎರಡೂ ಎಕ್ಕಕ್ಕೆ ಅದದೇ ಬಣ್ಣದ (ಇಸ್ಪೀಟು, ಕಳಾವರ್ ಇತ್ಯಾದಿ) ಜೊತೆ ಇದ್ದರೆ ಅದು ಈ ಆಟದ ಅತ್ಯುತ್ತಮ ಕೈ. ಎಕ್ಕ-ಎಕ್ಕ-9-ಗುಲಾಮ, ನಾಲ್ಕು ಬಣ್ಣ ಅಂದರೆ ಬೇರೆಯೇ ಮಾತು.

ಮೂರನೇದಕ್ಕೆ ಲೆಕ್ಕ ಕೊಡ್ತೀನಿ. ಕೈ ಎಕ್ಕ-2-ರಾಜ-ರಾಣಿ. ಫ್ಲಾಪ್‌ನಲ್ಲಿ 4-8-ರಾಜ, ಅಂದರೆ ಎರಡು ಚಿಕ್ಕ ಎಲೆ: ರಿವರ್ ಹೊತ್ತಿಗೆ ಲೋ ಆಗೋದು ಶೇ. 59, ಅದು ನಟ್ ಲೋ ಆಗೋದು ಶೇ. 49. ಆಡಬಹುದು. ಫ್ಲಾಪ್‌ನಲ್ಲಿ 5-ಗುಲಾಮ-10, ಒಂದೇ ಚಿಕ್ಕ ಎಲೆ: ನಟ್ ಲೋ ಆಗೋದು ಶೇ. 16. ಅದಾದರೂ ಅರ್ಧ ಪಾಟ್‌ಗೆ. ಲೋ ನಂಬಿ ಅಲ್ಲಿ ಒಂದು ಡಾಲರೂ ಹಾಕಬಾರದು.

ಎಕ್ಕರಾಜ: ಕಳಿಸಿದವರು 20 ವರ್ಷದಿಂದ ಆಡ್ತಿದಾರೆ ಮೇಡಂ. ಒಳ್ಳೇ ಉದ್ದೇಶಕ್ಕೇ ಹಾಕಿದ್ದು.

ಕಳಾವರ್ ರಾಣಿ: ಮೇಡಂ, ಹಾಗಾದರೆ ವಿಡಿಯೋ ನಮ್ಮ ಆಟದ್ದಾ ಅಲ್ಲವಾ ಅಂತ ತಿಳಿಯೋದು ಹೇಗೆ? ಶೀರ್ಷಿಕೆಯಲ್ಲಿ ಎಲ್ಲಾ ಕಡೆ ಓಮಾಹಾ ಅಂತಲೇ ಇರುತ್ತೆ.

ಡೀಲರ್ ಮೇಡಂ: ಒಳ್ಳೇ ಪ್ರಶ್ನೆ. ಬರೀ ಪಿಎಲ್‌ಓ (ಪಾಟ್-ಲಿಮಿಟ್ ಓಮಾಹಾ) ಅಂತ ಇದ್ದರೆ ಹೈ ಮಾತ್ರ, ನಮಗೆ ಬೇಡ. ಓ8, ಹೈ-ಲೋ, ಎಂಟು-ಅಥವಾ-ಉತ್ತಮ ಅಂತ ಇದ್ದರೆ ನಮ್ಮದು. ಹಾರ್ಸ್ (ಐದು ಬಗೆಯ ಪೋಕರ್ ಸರದಿಯಲ್ಲಿ ಆಡೋದು) ಪಂದ್ಯದ ವಿಡಿಯೋದಲ್ಲಿ "ಓ" ಸುತ್ತು ಹೈ-ಲೋನೇ, ಲಿಮಿಟ್. ಆಮೇಲೆ ಲಿಮಿಟ್ಟಾ ಪಾಟ್-ಲಿಮಿಟ್ಟಾ, ಟೇಬಲ್‌ನಲ್ಲಿ ಎಷ್ಟು ಜನ, ಟೂರ್ನಮೆಂಟಾ ಕ್ಯಾಶಾ ನೋಡಿ. ಆರು ಜನರ ಟೇಬಲ್‌ನಲ್ಲಿ ಸರಿಯಾದ ರೇಸ್ ಒಂಬತ್ತು ಜನರ ಟೇಬಲ್‌ನಲ್ಲಿ ತಪ್ಪಾಗಬಹುದು. ಇದು ಮೊದಲ ಎರಡು ನಿಮಿಷದಲ್ಲಿ ಗೊತ್ತಾಗದಿದ್ದರೆ ಆ ವಿಡಿಯೋ ಬಿಡಿ.

ನೋಡುವಾಗ ಫ್ಲಾಪ್, ಟರ್ನ್, ರಿವರ್ ಮೂರು ಕಡೆಯೂ ನಿಲ್ಲಿಸಿ. ಈ ಬೋರ್ಡ್‌ಗೆ ನಟ್ ಹೈ ಯಾವುದು, ನಟ್ ಲೋ ಯಾವುದು, ಕೈಯಲ್ಲಿರೋದು ಎರಡರಲ್ಲಿ ಯಾವುದಕ್ಕೆ ಹೋಗ್ತಿದೆ ಅಂತ ಕಾಗದದ ಮೇಲೆ ಬರೆದು ಆಮೇಲೆ ಮುಂದಕ್ಕೆ ಬಿಡಿ. ವಿಡಿಯೋದವರು ಮಡಚಿದ ಕೈಗಳನ್ನು ಕತ್ತರಿಸಿ ತೆಗೆದಿರ್ತಾರೆ, ಹಾಗಾಗಿ ನೋಡೋರಿಗೆ ಪ್ರತಿ ಕೈಯೂ ಆಡೋ ಕೈ ಅನಿಸುತ್ತೆ. ಕಾರ್ಡ್‌ರೂಮಿನಲ್ಲಿ ತಾಳ್ಮೆಯಿಂದ ಆಡೋರು ಬಂದ ಕೈಗಳಲ್ಲಿ ಹೆಚ್ಚಿನವನ್ನು ಫ್ಲಾಪ್‌ಗೆ ಮೊದಲೇ ಮಡಚ್ತಾರೆ.

ಹಾಸನದವ: ಮೇಡಂ ಎಕ್ಕ-2 ಇದ್ರೆ ಯಾವಾಗಲೂ ರೇಸ್ ತಾನೇ?

ಡೀಲರ್ ಮೇಡಂ: ಇಲ್ಲ. ಮೇಲೆ ಬರೆದಿದ್ದೀನಿ.

ಮಿಲ್ಪಿಟಾಸ್ ಮಾವ: ಐದೆಲೆಯ ಬಿಗ್ ಓಗೂ ಇದೇ ಲೆಕ್ಕಾನಾ?

ಹೆಸರು ಬೇಡ: ಮೇಡಂ, ದುಡ್ಡು ಕೊಟ್ಟು ಒಂದು ವಿಡಿಯೋ ಕೋರ್ಸ್ ಮುಗಿಸಿದೆ. ಪಾಟ್-ಲಿಮಿಟ್ ಹೈ-ಲೋ ಆಡ್ತಿದ್ದೀನಿ, ಒಂದೇ ಸಮನೆ ಸೋಲು. ಕೋರ್ಸ್‌ನವರು ಇದು ಬರೀ ವೇರಿಯನ್ಸ್ (ಅದೃಷ್ಟದ ಏರಿಳಿತ), ಆಟ ಜಾಸ್ತಿ ಮಾಡಿ ಅಂತಾರೆ. ಕಳೆದ ಸಲ ಕ್ರೆಡಿಟ್ ಕಾರ್ಡ್‌ನಿಂದ ಕ್ಯಾಶ್ ತೆಗೆದು ಕೂತೆ. ಕೈ ಎಕ್ಕ-2-5-ರಾಜ. ಬೋರ್ಡ್ ಎಕ್ಕ-3-7-ರಾಜ-9. ನಟ್ ಲೋ, ಮೇಲೆ ಎಕ್ಕ-ರಾಜ ಎರಡು ಜೋಡಿ. ಸ್ಟಾಕ್ (ನನ್ನ ಮುಂದಿದ್ದ ಚಿಪ್ಸ್) ಪೂರ್ತಿ ಹಾಕಿದೆ. ಎದುರಿನವನು 2-3-3-4 ತೋರಿಸಿ ಇಡೀ ಪಾಟ್ ಎತ್ತಿಕೊಂಡ. ಇದು ದುರದೃಷ್ಟ ಅಲ್ಲವಾ?

ಡೀಲರ್ ಮೇಡಂ: ಅಲ್ಲ. ಇದನ್ನು ನಿಧಾನವಾಗಿ ಓದಿ.

ಬೋರ್ಡ್ ಮೇಲೆ ಎಕ್ಕ ಬಿದ್ದ ಕ್ಷಣ ನಿಮ್ಮ ಕೈಯ ಎಕ್ಕ ಲೋಗೆ ಪ್ರಯೋಜನಕ್ಕೆ ಬರಲ್ಲ. ಬೋರ್ಡ್‌ನ ಎಕ್ಕ-3-7 ಜೊತೆ ನಿಮ್ಮ 2-5 ಸೇರಿ ಲೋ ಆಯ್ತು 7-5-3-2-ಎಕ್ಕ. ಅವನ 2-4 ಸೇರಿ 7-4-3-2-ಎಕ್ಕ. ಲೋ ಹೋಲಿಸೋದು ದೊಡ್ಡ ಎಲೆಯಿಂದ ಕೆಳಕ್ಕೆ: ಏಳು ಇಬ್ಬರಿಗೂ ಸಮ, ಮುಂದೆ ನಿಮ್ಮದು ಐದು, ಅವನದು ನಾಲ್ಕು. ಆ ಬೋರ್ಡ್‌ನ ನಟ್ ಲೋ 2-4, ನಿಮ್ಮದು ಎರಡನೇದು. ಹೈಗೆ ಅವನ ಮೂರರ ಜೋಡಿ ಬೋರ್ಡ್‌ನ ಮೂರರ ಜೊತೆ ಸೇರಿ ಮೂರು ಮೂರುಗಳು, ನಿಮ್ಮ ಎರಡು ಜೋಡಿಗಿಂತ ಮೇಲೆ. ಎರಡೂ ಕಡೆ ಎರಡನೇ ಕೈ ಹಿಡಿದು ಪೂರ್ತಿ ಸ್ಟಾಕ್ ಹಾಕಿದಿರಿ. ಪಾಟ್-ಲಿಮಿಟ್‌ನಲ್ಲಿ ಹೀಗೆಯೇ ಸ್ಟಾಕ್ ಹೋಗೋದು. ವೇರಿಯನ್ಸ್ ಅನ್ನೋ ಮಾತು ಬರೋದು ಕೈ ಸರಿಯಾಗಿ ಓದಿ, ಸರಿಯಾಗಿ ಆಡಿ, ಆಮೇಲೂ ಸೋತಾಗ.

ಇನ್ನು ಕ್ರೆಡಿಟ್ ಕಾರ್ಡ್ ವಿಷಯ ನನಗೆ ಕೈಗಿಂತ ಹೆಚ್ಚು ಚಿಂತೆ ತಂದಿದೆ. ಸಾಮಾನ್ಯವಾಗಿ ಕಾರ್ಡ್‌ನಿಂದ ತೆಗೆದ ಕ್ಯಾಶ್‌ಗೆ ಬಡ್ಡಿ ಆ ದಿನದಿಂದಲೇ ಶುರು, ಸಾಮಾನು ಕೊಂಡಾಗ ಸಿಗೋ ಬಿಲ್ ತನಕದ ರಿಯಾಯಿತಿ ಇಲ್ಲ, ಮೇಲೆ ಫೀಸು ಬೇರೆ. ಅಂಥ ಹಣ ಹಿಡಿದು ಕೂತವರು ಸೋತದ್ದನ್ನು ಅಂದೇ ವಾಪಸ್ ತಗೋಬೇಕು ಅಂತ ಆಡ್ತಾರೆ, ಮಡಚೋ ಕೈ ಮಡಚಲ್ಲ. ಆಟ ಇವತ್ತೇ ನಿಲ್ಲಿಸಿ. ಮನೆಯಲ್ಲಿ ಒಬ್ಬರಿಗೆ ಮೊತ್ತ ಹೇಳಿ. 1-800-ಗ್ಯಾಂಬ್ಲರ್ ಸಹಾಯವಾಣಿಗೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಕ್ಯಾಲಿಫೋರ್ನಿಯಾದ ಕಾರ್ಡ್‌ರೂಮುಗಳಲ್ಲಿ ನಮ್ಮನ್ನು ಒಳಗೆ ಬಿಡಬೇಡಿ ಅಂತ ನಾವೇ ಬರೆದುಕೊಡುವ ಫಾರಂ ಇದೆ, ಕೌಂಟರ್‌ನಲ್ಲಿ ಕೇಳಿದರೆ ಕೊಡ್ತಾರೆ. ನಾಚಿಕೆ ಪಡಬೇಡಿ. ನನಗೆ ಖಾಸಗಿಯಾಗಿ ಮೆಸೇಜ್ ಹಾಕಿ.

ಎಕ್ಕರಾಜ: ಇಷ್ಟೆಲ್ಲಾ ಹೆದರಿಸಬೇಕಾ? ಪೋಕರ್ ಕೌಶಲ್ಯದ ಆಟ. ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿ 14ರಂದು ಆನ್‌ಲೈನ್ ಆಟ ನಿಷೇಧಿಸಿದ್ದ ತಿದ್ದುಪಡಿಯ ಸೆಕ್ಷನ್‌ಗಳನ್ನೇ ರದ್ದು ಮಾಡಿತ್ತು. ನನ್ನ ಭಾವಮೈದ ಬೆಂಗಳೂರಲ್ಲಿ ಆ್ಯಪ್‌ನಲ್ಲೇ ಕಲಿತಿದ್ದು.

ಕಳಾವರ್ ರಾಣಿ: ಅದಾದ ಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂತಲ್ಲ. 22ನೇ ತಾರೀಕು ರಾಷ್ಟ್ರಪತಿ ಅಂಕಿತ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಕೌಶಲ್ಯದ್ದಾದರೂ ಅದೃಷ್ಟದ್ದಾದರೂ ನಡೆಸೋ ಹಾಗಿಲ್ಲ. ನಡೆಸೋರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡೋರಿಗೆ ಶಿಕ್ಷೆ ಇಲ್ಲ ನಿಜ. ಆದರೆ ಕಾನೂನಿಗೆ ಹೊರಗಿರೋ ಆ್ಯಪ್‌ನಲ್ಲಿ ದುಡ್ಡು ಸಿಕ್ಕಿಕೊಂಡರೆ ಯಾರನ್ನ ಕೇಳ್ತೀರ?

ಎಕ್ಕರಾಜ: ಕೌಶಲ್ಯ ಹೌದೋ ಅಲ್ಲವೋ ಅಷ್ಟು ಹೇಳಿ.

ಟ್ರೇಸಿ ತುಮಕೂರಿನವ: ಕೌಶಲ್ಯ ಇರೋರಿಗೆ ಕೌಶಲ್ಯದ ಆಟ. 6-7-8-9 ಬಿಡಬೇಡಿ ಅಂತ ಕಳಿಸೋರಿಗಲ್ಲ.

ಎಕ್ಕರಾಜ: ಮಾತು ಹಿಡಿತದಲ್ಲಿರಲಿ. ನಿಮ್ಮ ದುಡ್ಡಲ್ಲಿ ನಾನು ಆಡ್ತಿಲ್ಲ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಡೀಲರ್ ಮೇಡಂ: ಊರಲ್ಲಿರೋರು ದುಡ್ಡಿನ ಆ್ಯಪ್ ಮುಟ್ಟಬೇಡಿ. ಅಭ್ಯಾಸಕ್ಕೆ ಒಂದು ಇಸ್ಪೀಟ್ ಪ್ಯಾಕ್ ಸಾಕು. ಐದೆಲೆ ಬಿಚ್ಚಿ, ಐದು ಸೆಕೆಂಡಲ್ಲಿ ನಟ್ ಲೋ ಹೇಳಿ. ಮೂರು ಬೇರೆ ಬೇರೆ ಚಿಕ್ಕ ಎಲೆ ಇಲ್ಲದಿದ್ದರೆ "ಲೋ ಇಲ್ಲ" ಅನ್ನಿ. ಸತತ ಇಪ್ಪತ್ತು ಬೋರ್ಡ್ ತಪ್ಪಿಲ್ಲದೆ ಬಂದಮೇಲೆ ಒಂಬತ್ತು ಕೈ ಹಂಚಿ, ಯಾರಿಗೆ ಎಷ್ಟು ಪಾಲು ಅಂತ ಚಿಪ್ಸ್ ಇಟ್ಟು ಪಾಲು ಮಾಡಿ. ಸಮವಾಗಿ ಒಡೆಯದ ಒಂದು ಚಿಪ್ ಉಳಿದರೆ ಅದು ಹೈ ಕಡೆಗೆ.

ಫ್ರೀಮಾಂಟ್ ಹುಡುಗ: ಥ್ಯಾಂಕ್ಸ್ ಮೇಡಂ. ಇಬ್ಬರೇ ಉಳಿದು ಅರ್ಧ-ಅರ್ಧ ಆದರೆ ನಷ್ಟ ಇಲ್ಲ ತಾನೇ?

ಡೀಲರ್ ಮೇಡಂ: ಇದೆ. ತಲಾ 20 ಹಾಕಿ ಪಾಟ್ 40, ಕಾರ್ಡ್‌ರೂಮಿನವರು ತಮ್ಮ ಪಾಲು (ಡ್ರಾಪ್) ಅಂತ 6 ತೆಗೆದರೆ ಉಳಿದಿದ್ದು 34. ಇಬ್ಬರಿಗೂ 17. ಇಬ್ಬರೂ 3 ಕಳೆದುಕೊಂಡಿರಿ. ಪೂರ್ತಿ ಪಾಟ್ ಎತ್ತೋ ದಾರಿ ಇರುವ ಕೈಗಳನ್ನೇ ಆರಿಸಿ ಅನ್ನೋದು ಇದಕ್ಕೇ.

ಹಾಸನದವ: ಎಕ್ಕ-2 ಜೊತೆ ರಾಜ-ರಾಣಿ ಒಂದೇ ಬಣ್ಣ ಇದ್ರೆ ಆದರೂ ಯಾವಾಗಲೂ ರೇಸ್ ಅಲ್ವಾ ಮೇಡಂ?

ಡೀಲರ್ ಮೇಡಂ: "ಯಾವಾಗಲೂ" ಅಂತ ಶುರುವಾಗೋ ಪ್ರಶ್ನೆಗೆ ಇನ್ನು ಉತ್ತರ ಬರೆಯಲ್ಲ. ಎಕ್ಕದ ಬಣ್ಣಕ್ಕೆ ಜೊತೆ ಇದೆಯಾ ನೋಡಿ, ಅದಿದ್ದರೆ ನಟ್ ಫ್ಲಶ್ (ಫ್ಲಶ್ ಅಂದರೆ ಒಂದೇ ಬಣ್ಣದ ಐದು ಎಲೆ) ದಾರಿ ಸಿಗುತ್ತೆ. ಬರೀ ರಾಜ-ರಾಣಿ ಒಂದೇ ಬಣ್ಣ ಅಂದರೆ ಎರಡನೇ ಫ್ಲಶ್.

ಮಿಲ್ಪಿಟಾಸ್ ಮಾವ: ಬಿಗ್ ಓ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ.

ಎಕ್ಕರಾಜ: ಅದಕ್ಕೆ ನನ್ನ ಹತ್ರ ಒಂದು ಚಾರ್ಟ್ ಇದೆ ಮಾವ, ಕಳಿಸ್ತೀನಿ.

ಡೀಲರ್ ಮೇಡಂ: ಆ ಚಾರ್ಟ್ ಇಲ್ಲಿ ಹಾಕಬೇಡಿ. ಮಾವ, ಸೋಮವಾರ ಬರೀತೀನಿ.