ಜಿಂಕೆಯ ನೆರಳಿನಲ್ಲಿ ಕೊಂಬೇ ಕಾಣ್ತಿಲ್ಲ, ಏನು ಮಾಡಲಿ?

ಪ್ರಶ್ನೆ
ಮಕ್ಕಳಿಗೆ ನೆರಳಾಟ ತೋರಿಸೋಣ ಅಂತ ಬಿಳಿ ಬೆಡ್‌ಶೀಟ್ ಕಟ್ಟಿದ್ದೇನೆ. ರಟ್ಟಿನಲ್ಲಿ ಜಿಂಕೆ ಕತ್ತರಿಸಿದೆ. ಮೈ ಮೂಡುತ್ತದೆ, ಆದರೆ ಅಂಚೆಲ್ಲ ಮಸುಕು. 1 ಸೆಂ.ಮೀ. ದಪ್ಪದ ಕೊಂಬಂತೂ ಮಾಯ! 9 ವ್ಯಾಟ್ ಬಲ್ಬ್ ತೆಗೆದು 15 ವ್ಯಾಟ್ ಹಾಕಿದೆ. ಇನ್ನೂ ಹದಗೆಟ್ಟಿತು. ಬಲ್ಬಿನಿಂದ ಜಿಂಕೆಗೆ 1 ಮೀಟರ್, ಜಿಂಕೆಯಿಂದ ಬಟ್ಟೆಗೆ 50 ಸೆಂ.ಮೀ.

ಉತ್ತರ
ಬೆಳಕು ಕಮ್ಮಿಯಾಗಿ ಹೀಗಾಗಿದ್ದಲ್ಲ. ಬಲ್ಬಿನ ಬುರುಡೆ ದಪ್ಪ, ಅದೇ ತೊಂದರೆ. ಜಾಸ್ತಿ ವ್ಯಾಟಿನದು ಸಾಮಾನ್ಯವಾಗಿ ಇನ್ನೂ ದಪ್ಪ ಇರುತ್ತೆ, ಅಲ್ವಾ?

ಒಂದು ಕೆಲಸ ಮಾಡಿ. ಬಲ್ಬ್ ಆರಿಸಿ, ಬಟ್ಟೆ ಸರಿಸಿ, ಕೊಂಬಿನ ನೆರಳು ಬೀಳಬೇಕಾದ ಜಾಗದಲ್ಲಿ ಕಣ್ಣಿಟ್ಟು ನೋಡಿ. ಕೊಂಬಿನ ಎರಡೂ ಬದಿಯಿಂದ ಬಲ್ಬ್ ಇಣುಕುತ್ತದೆ. ಪೂರ್ತಿ ಮರೆಯಾದರೆ ತಾನೇ ಕಪ್ಪು ನೆರಳು? ಇಲ್ಲಿ ಅರೆನೆರಳು ಮಾತ್ರ ಉಳಿಯುತ್ತದೆ.

ಲೆಕ್ಕ ಸುಲಭ. ಬುರುಡೆ 6 ಸೆಂ.ಮೀ. ಅಗಲ ಅಂದುಕೊಳ್ಳಿ. ಬಟ್ಟೆಗಿರುವ ದೂರ ಬಲ್ಬಿಗಿರುವ ದೂರದ ಅರ್ಧ, ಹಾಗಾಗಿ ಮಸುಕು ಅಂಚು 3 ಸೆಂ.ಮೀ. ಬಲ್ಬ್ ಬಿಟ್ಟು ಮೊಬೈಲ್ ಟಾರ್ಚ್ ಇಟ್ಟು ನೋಡಿ. ಬೇರೆ ದೀಪವೆಲ್ಲ ಆರಿಸಿ.

ಇನ್ನೊಬ್ಬರು
ಟ್ಯೂಬ್‌ಲೈಟ್ ಕೆಳಗೆ ಪೆನ್ಸಿಲ್ ಹಿಡಿದು ನೋಡಿ, ಮಜಾ ಇದೆ. ಟ್ಯೂಬಿನ ಉದ್ದಕ್ಕೇ ಹಿಡಿದರೆ ನೆರಳು ಚೆನ್ನಾಗಿ ಮೂಡುತ್ತದೆ. ಅಡ್ಡ ತಿರುಗಿಸಿದರೆ ಕರಗಿಹೋಗುತ್ತದೆ. ದೀಪ ಅದೇ, ಪೆನ್ಸಿಲ್ ಅದೇ.

ಪ್ರಶ್ನೆ ಕೇಳಿದವರು
ಟಾರ್ಚ್ ಇಟ್ಟೆ. ಕೊಂಬು ಬಂತು! ಆದರೆ ಜೋಡಿ ಕೊಂಬು. ಒಂದರ ಪಕ್ಕ ಇನ್ನೊಂದು, ಒಂದು ಹಳದಿ ಛಾಯೆ, ಇನ್ನೊಂದು ನೀಲಿ. ಟಾರ್ಚ್ ಕೆಟ್ಟಿದೆಯಾ?

ಉತ್ತರ
ಕೆಟ್ಟಿಲ್ಲ. ನಿಮ್ಮ ಫೋನಿನಲ್ಲಿ ಎರಡು ಎಲ್‌ಇಡಿ ಇರಬೇಕು, ಒಂದರ ಬೆಳಕು ಹಳದಿ, ಇನ್ನೊಂದರದು ಅಚ್ಚ ಬಿಳಿ. ಹಳದಿಯದನ್ನು ಕೊಂಬು ತಡೆದ ಕಡೆ ಬಿಳಿಯದರ ಬೆಳಕಷ್ಟೇ ಬೀಳುತ್ತದೆ, ಅದು ನೀಲಿಯಾಗಿ ಕಾಣುತ್ತದೆ. ಒಂದಕ್ಕೆ ಕಪ್ಪು ಟೇಪ್ ಹಚ್ಚಿ.

ಪ್ರಶ್ನೆ ಕೇಳಿದವರು
ಹಚ್ಚಿದೆ, ಸರಿಹೋಯ್ತು. ಜಿಂಕೆಯನ್ನು ಟಾರ್ಚ್ ಹತ್ತಿರ ತಂದರೆ ದೊಡ್ಡದಾಗುತ್ತದೆ, ಅಂಚು ಸ್ವಲ್ಪ ಮಸುಕಾಗುತ್ತದೆ. ಇದು ಹೀಗೇನಾ?

ಉತ್ತರ
ಹೀಗೇ. ಟಾರ್ಚಿನಿಂದ 1 ಮೀಟರ್ ದೂರದಲ್ಲಿದ್ದಾಗ ನೆರಳು ಜಿಂಕೆಯ ಒಂದೂವರೆ ಪಟ್ಟು, 50 ಸೆಂ.ಮೀ.ಗೆ ತಂದರೆ 3 ಪಟ್ಟು. 3 ಮಿ.ಮೀ. ಎಲ್‌ಇಡಿ ಆದರೆ ಮಸುಕು ಒಂದೂವರೆ ಮಿ.ಮೀ.ನಿಂದ 6ಕ್ಕೆ ಏರುತ್ತದೆ. ದೊಡ್ಡ ನೆರಳಿನಲ್ಲಿ ಅಷ್ಟು ಗೊತ್ತಾಗಲ್ಲ ಬಿಡಿ. ರಾಕ್ಷಸನ ಪಾತ್ರಕ್ಕಂತೂ ಅದೇ ಚೆಂದ.